ಮುಂಗಡ ಕ್ಷಮೆ

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹಿಂದಿನ ಸಂಜೆ, ಸೆವ್ಲಿಯೆವೊ ಊರಿನಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳುತ್ತಾರೆ. ಯಾವ ತಪ್ಪಿಗೆ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸುತ್ತ ಕೂತರೆ ಊಟ ಆರಿಹೋಗುತ್ತದೆ. ಆ ವರ್ಷ ನೈಡೆನ್ ಹೊರಡಲೆಂದು ಕೋಟಿಗೆ ಕೈ ತೂರಿಸುತ್ತಿರುವಾಗಲೇ ಅವನ ಧರ್ಮತಂದೆ ಗೆನ್ಚೊ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ನಾನೇ ಬರ್ತಿದ್ನಲ್ಲ ದೊಡ್ಡಪ್ಪ.”

“ಯಾಕೆ, ದೊಡ್ಡೋರು ತಪ್ಪು ಮಾಡಲ್ವಾ ಮಗಾ? ಕ್ಷಮಿಸಿಬಿಡು.”

“ಕ್ಷಮಿಸಿದೀನಿ. ದೇವರೂ ಕ್ಷಮಿಸಲಿ.”

ನೈಡೆನ್‌ನ ಕಣ್ಣು ಪಕ್ಕದಲ್ಲಿದ್ದ ಅಮ್ಮನ ಎದುರೇ ಒದ್ದೆಯಾಯಿತು. ಹಿರಿಯರೇ ಮನೆ ಬಾಗಿಲಿಗೆ ಬರುವಷ್ಟು ದೊಡ್ಡ ಮನುಷ್ಯನಾದೆನಲ್ಲ ಎಂದು ಆ ವಾರವೆಲ್ಲ ಹಿಟ್ಟು ಲಟ್ಟಿಸುತ್ತ ಒಳಗೊಳಗೇ ಹಿಗ್ಗಿದ.

ಲಟ್ಟಿಸುವುದೇ ಅವನ ಕಸುಬು. ಬೇರೊಬ್ಬನ ಅಂಗಡಿಯಲ್ಲಿ, ಬೇರೊಬ್ಬನ ಒಲೆಗೆ, ಆಚೆಯ ಬೆಳಕು ಕಾಣುವಷ್ಟು ತೆಳುವಾಗಿ, ಪದರ ಪದರವಾಗಿ ಸುಡುವ ಬಾನಿತ್ಸಾ ತಿಂಡಿಯ ಹಾಳೆ ಲಟ್ಟಿಸುತ್ತಿದ್ದ. ಬಸ್ ನಿಲ್ದಾಣದ ಪಕ್ಕ ತ್ಸೋನಾ ಅಜ್ಜಿಯ ಮಳಿಗೆ ಖಾಲಿಯಿತ್ತು. “ನಿನಗೇ ಕೊಡ್ತೀನಿ, ಬೇಗ ಹೇಳು,” ಎಂದಿದ್ದಳು ಅಜ್ಜಿ. ನೈಡೆನ್‌ಗೆ ಬೇಗ ಹೇಳುವ ಅಭ್ಯಾಸವೇ ಇರಲಿಲ್ಲ. ಅಂಗಿಯ ಬಣ್ಣ ಆರಿಸಲೂ ಅಮ್ಮ ಬೇಕಾಗುತ್ತಿದ್ದಳು. ಉಪವಾಸ ಶುರುವಾಗುವ ಮುಂಚೆಯೇ ಪಾದ್ರಿ ಮೆತೋದಿಯನ್ನು ಕೇಳಿದ್ದ. “ಉಪವಾಸ ಇರೋದೇ ಅದಕ್ಕೆ. ಹೊಟ್ಟೆ ಸುಮ್ಮನಾದರೆ ದೇವರ ಮಾತು ಕೇಳಿಸುತ್ತೆ. ಈಸ್ಟರ್ ತನಕ ಕಾದು ನೋಡು,” ಎಂದಿದ್ದರು ಪಾದ್ರಿ. ಈಸ್ಟರ್ ತನಕ ಕಾಯಲು ಅಜ್ಜಿಯೂ ಒಪ್ಪಿದ್ದಳು. ಇದನ್ನೆಲ್ಲ ನೈಡೆನ್ ಹೇಳಿಕೊಂಡದ್ದು ಒಬ್ಬರಿಗೇ, ದೊಡ್ಡಪ್ಪನಿಗೆ.

ಹೊಟ್ಟೆಯೇನೂ ಸುಮ್ಮನಾಗಲಿಲ್ಲ. ಹುರುಳಿಕಾಯಿ, ಆಲೂಗಡ್ಡೆ, ಕುಂಬಳಕಾಯಿ ತಿಂದು ತಿಂದು ಅದು ದೇವರಿಗಿಂತ ಜೋರಾಗಿಯೇ ಮಾತಾಡಿತು. ಆದರೂ ನೈಡೆನ್ ಬೆಳಿಗ್ಗೆ ಸಂಜೆ ಮೊಣಕಾಲೂರಿ ಒಂದೇ ಪ್ರಶ್ನೆ ಕೇಳಿದ: ಮಳಿಗೆ ಹಿಡಿಯಲೋ ಬೇಡವೋ? ಸೂಚನೆಗಳಿಗೂ ಬರವಿರಲಿಲ್ಲ. ಒಲೆಯ ಚಿಮಣಿಯ ಮೇಲೆ ಗುಬ್ಬಿ ಕೂತರೆ ಹಿಡಿ ಎಂದು. ಅದು ಹಾರಿಹೋದರೆ ಬೇಡ ಎಂದು. ಹಾಗೂ ಹೀಗೂ ಒಂದು ಬೆಳಿಗ್ಗೆ, ಮೊಣಕಾಲು ಮರಗಟ್ಟಿರುವಾಗ, ಎದೆಯೊಳಗೆ ಏನೋ ತಿಳಿಯಾಯಿತು. ಹಿಡಿ. ಗುಬ್ಬಿಯಿಲ್ಲದೆ, ಅಮ್ಮನಿಲ್ಲದೆ, ಅವನು ಮೊದಲ ಬಾರಿ ಒಂದು ನಿರ್ಧಾರಕ್ಕೆ ಬಂದಿದ್ದ.

ಅಂದು ದೇವದೂತ ಮರಿಯಳಿಗೆ ಸುದ್ದಿ ತಂದ ಹಬ್ಬ. ಉಪವಾಸದ ನಡುವೆ ಮೀನು ತಿನ್ನಬಹುದಾದ ದಿನ. ಮಧ್ಯಾಹ್ನ ದೊಡ್ಡಪ್ಪನ ಮನೆಯಲ್ಲಿ ಊಟ. ಈಸ್ಟರ್ ತನಕ ಯಾಕೆ ಎಂದು ನೈಡೆನ್ ಚರ್ಚಿನಿಂದ ನೇರ ಮಳಿಗೆಗೆ ನಡೆದ. ಅಲ್ಲಿ ಒಬ್ಬ ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಕೆಳಗೆ ನಿಂತಿದ್ದ ಅಜ್ಜಿ ಇವನನ್ನು ನೋಡಿ ಮುಖ ಗಂಟಿಕ್ಕಿದಳು.

“ಬೇಡ ಅನ್ನೋದನ್ನ ನೀನೇ ಬಂದು ಹೇಳಬಹುದಿತ್ತಪ್ಪ. ಬಾಯಿ ಬಿದ್ದುಹೋಗಿತ್ತಾ?”

“ಬೇಡ ಅಂತ ಯಾರಂದರು ಅಜ್ಜಿ?”

“ಗೆನ್ಚೊ. ಉಪವಾಸಕ್ಕೆ ಮುಂಚೆಯೇ ಬಂದು, ಹುಡುಗನಿಗೆ ಧೈರ್ಯ ಇಲ್ಲ, ನನ್ನ ಅಳಿಯನಿಗೆ ಕೊಡು ಅಂದ.”

“ನೀವು ನಂಬಿಬಿಟ್ರಾ?”

“ನೀನು ಕೂಸಾಗಿದ್ದಾಗ ದೀಕ್ಷಾಸ್ನಾನದಲ್ಲಿ ನಿನ್ನ ಪರವಾಗಿ ದೇವರಿಗೇ ಉತ್ತರ ಕೊಟ್ಟೋನು ಅವನು. ದೇವರು ನಂಬಿದ, ನಾನು ನಂಬಬಾರದಾ?”

ಉಪವಾಸಕ್ಕೆ ಮುಂಚೆಯೇ. ಅಂದರೆ ತಾನು ಮೊದಲ ದಿನ ಮೊಣಕಾಲೂರುವ ಹೊತ್ತಿಗೇ ಮಳಿಗೆ ಕೈತಪ್ಪಿತ್ತು. ದೊಡ್ಡಪ್ಪನಿಗೆ ಅದು ಗೊತ್ತಿತ್ತು. ದೇವರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡದೆ ಅವನಿಗೆ ಕುಂಬಳಕಾಯಿ ತಿನ್ನಿಸಿದ್ದರು.

ದೊಡ್ಡಪ್ಪನ ಮನೆಯಲ್ಲಿ ದೊಡ್ಡಮ್ಮ ರುಸಾ ಮೀನು ಹುರಿಯುತ್ತಿದ್ದಳು. ನೈಡೆನ್ ಕೋಟು ತೆಗೆಯಲಿಲ್ಲ.

“ಅಜ್ಜಿ ಸಿಕ್ಕಿದ್ಳು ದೊಡ್ಡಪ್ಪ.”

ಗೆನ್ಚೊ ಬ್ರೆಡ್ ಮುರಿಯುವುದನ್ನು ನಿಲ್ಲಿಸಲಿಲ್ಲ. “ಅದು ಮುಗಿದ ಮಾತು. ನೀನು ಕ್ಷಮಿಸಿದೀಯ. ನಿಮ್ಮಮ್ಮ ಅಲ್ಲೇ ಇದ್ಳು, ಕೇಳಿಸ್ಕೊಂಡಿದಾಳೆ.”

“ಯಾವುದಕ್ಕೆ ಅಂತ ನೀವು ಹೇಳಲಿಲ್ಲ.”

“ಯಾರು ಹೇಳ್ತಾರೆ? ನೋಡು ಮಗಾ, ನೀನು ದೇವರ ದಾರಿ ಕೇಳ್ತಿದ್ದೆ. ದೇವರು ತೋರಿಸಿದ. ಅಳಿಯನ ಹತ್ರ ಲಟ್ಟಿಸೋ ಕೆಲಸ ಇದೆ, ನಿನಗೇ ಇಟ್ಟಿದೀನಿ.”

ದುಡ್ಡಿನ ಮಾತಾಗಿದ್ದರೆ ನೈಡೆನ್ ತಲೆ ತಗ್ಗಿಸಿ ಒಪ್ಪಿಬಿಡುತ್ತಿದ್ದನೇನೋ. ಆ ಬೆಳಿಗ್ಗೆ ಎದೆಯಲ್ಲಿ ತಿಳಿಯಾದದ್ದನ್ನು ಈ ಮನುಷ್ಯ ತನ್ನ ಜೇಬಿಗೆ ಹಾಕಿಕೊಳ್ಳುವುದನ್ನು ಮಾತ್ರ ಸಹಿಸಲಾಗಲಿಲ್ಲ.

“ದೇವರೇ ತೋರಿಸಿದ್ದಾದ್ರೆ, ಕ್ಷಮೆ ಕೇಳೋಕೆ ನೀವ್ಯಾಕೆ ಬಂದ್ರಿ?”

ದೊಡ್ಡಮ್ಮ ಗಂಡನ ಮುಖ ನೋಡಿದಳು. ಅವಳಿಗೂ ಗೊತ್ತಿರಲಿಲ್ಲವೆಂದು ತೋರಿತು.

“ಕೊಟ್ಟದ್ದನ್ನ ವಾಪಸ್ ತಗೊಂಡಿದೀನಿ,” ಅಂದ ನೈಡೆನ್. “ಮುಂದಿನ ವರ್ಷ ಬನ್ನಿ. ಯಾವುದಕ್ಕೆ ಅಂತ ಹೇಳಿ ಕೇಳಿ.”

“ಹಂಗೆಲ್ಲ ವಾಪಸ್ ತಗೊಳ್ಳೋಕೆ ಬರಲ್ಲ ಕಣೋ.”

“ತಗೊಂಡಾಯ್ತು.”

ಇಲ್ಲಿ ಅವನು ಬಾಗಿಲು ಬಡಿದು ಹೊರಟುಹೋಗಬೇಕಿತ್ತು; ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ದೊಡ್ಡಮ್ಮ ಅವನ ಮುಂದೆ ತಟ್ಟೆ ಇಟ್ಟಳು, ಮೀನು ಘಮ್ಮೆನ್ನುತ್ತಿತ್ತು, ವಾರಗಟ್ಟಲೆ ಹಸಿದಿದ್ದ. ಕೋಟಿನಲ್ಲೇ ಕೂತು ತಿಂದ. ಮುಳ್ಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟ. ಎರಡನೆಯ ತುಂಡನ್ನೂ ಕೇಳಿ ಹಾಕಿಸಿಕೊಂಡ. ಎದುರಿಗೆ ಕೂತವನ ಕಡೆ ತಲೆಯೆತ್ತಿ ನೋಡಲಿಲ್ಲ. ಗೆನ್ಚೊ ಅಷ್ಟು ಹೊತ್ತೂ ಕಾಯುತ್ತಿದ್ದ ‘ಕ್ಷಮಿಸಿದೀನಿ’ ಎಂಬ ಮಾತನ್ನು ಆಡಲೂ ಇಲ್ಲ.