ಗೋಲಿನ ಹಿಂದೆ ನಿಂತ ಸೋಮಸುಂದರಂ

ತಮಿಳು ಸೀಮೆಯ ಸಿಂಗಾನಲ್ಲೂರಿನ ನೇಕಾರರ ಬೀದಿಯಲ್ಲಿ ಸೋಮಸುಂದರಂ ಅಂದರೆ ಎರಡು ಕಾರಣಕ್ಕೆ ಹೆಸರು. ಒಂದು, ಅವನು ನೇಯ್ದ ಸೀರೆಯ ಅಂಚು ಎಂದೂ ಸೊಟ್ಟಗಾದದ್ದಿಲ್ಲ. ಎರಡು, ಅವನಿಗೆ ಫುಟ್‌ಬಾಲ್ ಹುಚ್ಚು. ಹುಚ್ಚು ಅಂದರೆ ಅಂತಿಂಥ ಹುಚ್ಚಲ್ಲ. ಹುಟ್ಟಿದಾಗಿನಿಂದ ಒಂದು ಸಲವೂ ಚೆಂಡು ಒದೆಯದ ಮನುಷ್ಯ, ತಿಲಕವತಿ ಮಿಲ್ಲಿನ ತಂಡ ಎಲ್ಲಿ ಆಡಿದರೂ ಅಲ್ಲಿ ಹಾಜರು. ಹಾಗಂತ ಅವನೇನು ಆ ಮಿಲ್ಲಿನ ಕೆಲಸಗಾರನೂ ಅಲ್ಲ. ಮನೆಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುವ ನೇಕಾರ. ಮಿಲ್ಲು ಬೆಳೆದಷ್ಟೂ ಇವನ ಮಗ್ಗಕ್ಕೆ ಗಂಡಾಂತರ. ಅದನ್ನು ಯಾರಾದರೂ ಹೇಳಿದರೆ, "ಅದು ಬೇರೆ ವಿಷ್ಯ ಬಿಡು," ಅನ್ನುತ್ತಿದ್ದ.

ಅವನ ಹೆಂಡತಿ ರುಕ್ಮಣಿಗೆ ಅದು ಬೇರೆ ವಿಷಯವಾಗಿ ಕಾಣುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಬೆಳಗ್ಗೆ ಮಗ್ಗಕ್ಕೆ ಏರಿಸಬೇಕಾದ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಾಕಿದ್ದರು. ಗಂಜಿ ಆರುವುದರೊಳಗೆ ಎಳೆಗಳನ್ನು ಕುಂಚದಿಂದ ತೀಡಿ ಬಿಡಿಸಬೇಕು, ಇಲ್ಲದಿದ್ದರೆ ಅಷ್ಟೂ ನೂಲು ಒಂದಕ್ಕೊಂದು ಅಂಟಿ ಹಗ್ಗವಾಗುತ್ತದೆ. ಅಷ್ಟರಲ್ಲಿ ಧಾರಾಪುರಂಗೆ ಹೋಗುವ ಹತ್ತಿ ಲಾರಿ ಬೀದಿಯ ತುದಿಯಲ್ಲಿ ಹಾರನ್ ಹೊಡೆಯಿತು. ಅವತ್ತು ಅಲ್ಲಿ ತಿಲಕವತಿಯ ಆಟ. ಪುಣ್ಯಾತ್ಮ ಕುಂಚವನ್ನು ಹೆಂಡತಿಯ ಕೈಗೆ ಕೊಟ್ಟು ಓಡಿಹೋಗಿ ಲಾರಿ ಹತ್ತಿಬಿಟ್ಟ! ಬೀದಿಯ ಹೆಂಗಸರೆಲ್ಲ ಸೇರಿ ಆ ಹಾಸನ್ನು ಉಳಿಸಿದರು. ರಾತ್ರಿ ಹಲ್ಲು ಕಿರಿಯುತ್ತ ಮನೆಗೆ ಬಂದವನನ್ನು ರುಕ್ಮಣಿ ಬಾಗಿಲಲ್ಲೇ ಹಿಡಿದಳು.

"ಮಿಲ್ಲು ನಿಂದಾ? ಪಂದು ನಿಂದಾ? ಆ ಚೆಂಡು ಯಾರೋ ಒದೀತಾರೆ, ಯಾರೋ ಇಡೀತಾರೆ, ನಿಂಗೇನ್ ಬಂತು?"

"ಗೆದ್ವಿ ರುಕ್ಮಣಿ," ಅಂದ ಸೋಮಸುಂದರಂ. ಅವಳು ನಕ್ಕುಬಿಟ್ಟಳು. ಏನು ಮಾಡುವುದು, ಅವನ ಮುಖವೇ ಹಾಗಿತ್ತು.

ಆದರೆ "ನಿಂಗೇನ್ ಬಂತು" ಅನ್ನುವ ಮಾತಿಗೆ ಅವನಲ್ಲಿ ಉತ್ತರವಿತ್ತು. ಯಾರಿಗೂ ಹೇಳುವಂತಿರಲಿಲ್ಲ, ಅಷ್ಟೆ.

ತಿಲಕವತಿ ತಂಡದ ಗೋಲಿ, ಗೋಲು ಕಾಯುವ ದೇವರಾಜನ್, ಸೋಮಸುಂದರಂನ ಬೀದಿಯವನೇ, ಬಾಲ್ಯದ ಗೆಳೆಯ. ಮಗ್ಗ ಬಿಟ್ಟು ಮಿಲ್ಲಿಗೆ ಸೇರಿದವನು. ಇಬ್ಬರ ಮನೆಯಲ್ಲೂ ಕನ್ನಡ. ಬೀದಿ ದಾಟಿದರೆ ಎಲ್ಲೆಲ್ಲೂ ತಮಿಳು. ಸೋಮಸುಂದರಂ ಯಾವಾಗಲೂ ಗೋಲುಕಂಬದ ಹಿಂದೆಯೇ ನಿಲ್ಲುತ್ತಿದ್ದ. ಸಾವಿರ ಎಳೆಯಲ್ಲಿ ತುಂಡಾದ ಒಂದೆಳೆಯನ್ನು ಕೂತಲ್ಲಿಂದಲೇ ಹಿಡಿಯುವ ಕಣ್ಣು ಅವನದು. ಒದೆಯಲು ಬರುವವನ ಹೆಗಲು ಚೂರು ವಾಲಿದರೂ ಸಾಕು, ಚೆಂಡು ಯಾವ ಕಡೆ ಬರುತ್ತದೆಂದು ಅವನಿಗೆ ತಿಳಿದುಬಿಡುತ್ತಿತ್ತು. ಕೂಡಲೇ ಕನ್ನಡದಲ್ಲಿ ಕೂಗುತ್ತಿದ್ದ: "ಬಲಕ್ಕೆ, ದೇವಾ!" ದೇವರಾಜನ್ ಬಲಕ್ಕೆ ಹಾರುತ್ತಿದ್ದ. ಎದುರಾಳಿಗಳಿಗೆ ಅದು ಯಾರದೋ ಅರಚಾಟ. ಜೊತೆಯ ಅಭಿಮಾನಿಗಳಿಗೂ ಅಷ್ಟೆ, "ಸೋಮಣ್ಣ ಮಂತ್ರ ಹಾಕ್ತಾನೆ" ಎಂದು ನಗುತ್ತಿದ್ದರು. ಹೀಗೆ ಒಂಬತ್ತು ವರ್ಷ ನಡೆಯಿತು. ಒಂಬತ್ತು ವರ್ಷದಲ್ಲಿ ದೇವರಾಜನ್ ಹದಿನಾಲ್ಕು ಪೆನಾಲ್ಟಿ ತಡೆದ. ಊರು ಅವನನ್ನು ತಲೆಯ ಮೇಲೆ ಹೊತ್ತು ತಿರುಗಿತು. ಆ ಮೆರವಣಿಗೆಯ ಹಿಂದೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಸೋಮಸುಂದರಂಗೆ ಅದು ತನ್ನದೇ ಮೆರವಣಿಗೆ ಅನಿಸುತ್ತಿತ್ತು.

ಅರವತ್ತಮೂರನೇ ಇಸವಿಯಲ್ಲಿ ಎಲ್ಲ ಹಾಳಾಯಿತು. ಬೆಳ್ಳಿ ಕಪ್ಪಿನ ಫೈನಲ್, ಮಿಲ್ಲಿನ ಬಯಲಿನಲ್ಲೇ ಆಟ. ಎದುರಿಗೆ ಬೆಂಗಳೂರಿನ ತಂಡ. ದಂಡು ಪ್ರದೇಶದ ಹುಡುಗರು, ಆಟ ಪೂರ್ತಿ ತಮಿಳಿನಲ್ಲೇ ಬೈದಾಡಿಕೊಂಡು ಓಡುತ್ತಿದ್ದರು. ಎರಡಕ್ಕೆ ಎರಡು ಗೋಲು, ಇನ್ನು ಐದು ನಿಮಿಷ ಬಾಕಿ, ರೆಫ್ರಿ ಅವರಿಗೆ ಪೆನಾಲ್ಟಿ ಕೊಟ್ಟ. ಒದೆಯುವವನು ಓಡಿ ಬಂದ. ಅವನ ಹೆಗಲು ವಾಲಿತು. ಸೋಮಸುಂದರಂ ಗಂಟಲು ಹರಿದುಹೋಗುವಂತೆ ಕೂಗಿದ, "ಎಡಕ್ಕೆ, ದೇವಾ, ಎಡಕ್ಕೆ!" ದೇವರಾಜನ್ ಒಂದು ಕ್ಷಣವೂ ಕಾಯದೆ ಎಡಕ್ಕೆ ಹಾರಿದ. ಚೆಂಡು ಬಲಗಡೆಯಿಂದ ನಿಧಾನವಾಗಿ ಉರುಳುತ್ತ ಒಳಗೆ ಹೋಯಿತು. ನಡೆದು ಹೋಗಿ ಎತ್ತಿಕೊಳ್ಳಬಹುದಾಗಿದ್ದ ಚೆಂಡು ಅದು.

ಆಟ ಮುಗಿದ ಮೇಲೆ ಸೋಮಸುಂದರಂ ನೀರಿನ ತೊಟ್ಟಿಯ ಹತ್ತಿರ ಮುಖ ತೊಳೆಯುತ್ತಿದ್ದ. ಗೋಲು ಹೊಡೆದ ಹುಡುಗ ಪಕ್ಕಕ್ಕೆ ಬಂದು ನಿಂತ. ನಗುತ್ತಲೇ ಹೇಳಿದ, ಅಚ್ಚ ಬೆಂಗಳೂರಿನ ಕನ್ನಡದಲ್ಲಿ: "ಏನ್ ಸ್ವಾಮಿ, ನಿಮ್ಮ ಗೋಲಿಗೆ ನೀವು ಹೇಳಿಕೊಡ್ತಾ ಇದ್ದದ್ದೆಲ್ಲ ನನಗೂ ಕೇಳಿಸ್ತಾ ಇತ್ತು. ನೀವು ಹೇಳಿದ ಕಡೆಗೇ ಒದೀಬೇಕು ಅಂತಿದ್ದೆ. ನೀವು ಕೂಗಿದ್ದು ಒಳ್ಳೇದಾಯ್ತು."

ಅಯ್ಯೋ ನನ್ನ ತಲೆಯೇ! ಬೆಂಗಳೂರಿನವರು ಅಂದ ಮೇಲೆ ಒಬ್ಬನಿಗಾದರೂ ಕನ್ನಡ ಬರುತ್ತದೆಂದು ತೋಚಬೇಡವೇ? ಬೇರೆ ಯಾರಿಗಾದರೂ ತೋಚುತ್ತಿತ್ತು. ಆದರೆ ಸೋಮಸುಂದರಂಗೆ ಕನ್ನಡ ಅಂದರೆ ಅಡುಗೆಮನೆಯ ಮಾತು, ಅಜ್ಜಿಯ ಮಾತು. ಬೀದಿ ದಾಟಿದ ಮೇಲೆ ಅದು ಯಾರಿಗೂ ತಿಳಿಯದು ಎಂದೇ ಅವನು ಬೆಳೆದದ್ದು. ಬಯಲಿನಲ್ಲಿ ನಿಂತ ಒಬ್ಬ ಅಪರಿಚಿತನ ಕಿವಿಗೂ ಅದು ಬೀಳಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಮರುದಿನವೇ ಊರಲ್ಲಿ ಗುಲ್ಲೆದ್ದಿತು. ಚೆಂಡು ಬರುವ ಮೊದಲೇ ಆ ಕಡೆ ಹಾರಿದ್ದೇಕೆ? ಬೆಂಗಳೂರಿನವರು ಕನ್ನಡದವರು, ಇವನೂ ಕನ್ನಡದವನು, ಒಳಗೊಳಗೇ ಮಾತಾಗಿದೆ, ದೇವರಾಜನ್ ಆಟ ಮಾರಿಕೊಂಡ. ತಂಡದಿಂದ ತೆಗೆದರು. ಮಿಲ್ಲಿನಲ್ಲಿ ಅವನು ಊಟಕ್ಕೆ ಕೂತರೆ ಪಕ್ಕದವರು ಎದ್ದುಹೋಗುತ್ತಿದ್ದರು. ಸೋಮಸುಂದರಂನ ಮಾತು ಕೇಳಿ ಹಾರಿದೆ ಎಂದು ದೇವರಾಜನ್ ಒಬ್ಬರ ಹತ್ತಿರವೂ ಬಾಯಿಬಿಡಲಿಲ್ಲ. ಗೆಳೆಯನ ಕಣ್ಣು ಒಂದು ಸಲ ತಪ್ಪಿತು ಅಂದುಕೊಂಡಿದ್ದ, ಅಷ್ಟೆ. ಸೋಮಸುಂದರಂ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಇದ್ದ. ಆರು ತಿಂಗಳಿಗೆ ದೇವರಾಜನ್ ಹೆಂಡತಿಯನ್ನು ಕರೆದುಕೊಂಡು ವಾಲ್ಪಾರೈ ಬೆಟ್ಟ ಹತ್ತಿದ. ಟೀ ಎಸ್ಟೇಟಿನಲ್ಲಿ ಕಾವಲುಗಾರನಾದ. ಹೇಳಬೇಕಾದ ಮಾತನ್ನು ಸೋಮಸುಂದರಂ ಹೇಳಲೇ ಇಲ್ಲ. ಹೇಡಿ ಎಂದು ಬೈಯಬಹುದು. ಅವನೇ ಎಷ್ಟೋ ಸಲ ಬೈದುಕೊಂಡಿದ್ದಾನೆ.

ಇಪ್ಪತ್ತಮೂರು ವರ್ಷ ಕಳೆಯಿತು. ಎಂಬತ್ತಾರನೇ ಇಸವಿಯ ಹೊತ್ತಿಗೆ ತಿಲಕವತಿ ಮಿಲ್ಲಿನ ಗೇಟಿಗೆ ಬೀಗ ಬಿದ್ದಿತ್ತು. ತಂಡ ಯಾವಾಗಲೋ ಚದುರಿಹೋಗಿತ್ತು. ಉಳಿದವರು ಹಳೆಯ ಅಭಿಮಾನಿಗಳು ಮಾತ್ರ. ಭಾನುವಾರ ಬೆಳಗ್ಗೆ ಕೆರೆಯ ಹತ್ತಿರದ ಟೀ ಅಂಗಡಿಯಲ್ಲಿ ಸೇರುತ್ತಿದ್ದರು. ಮಿಲ್ಲಿನಲ್ಲಿ ಹತ್ತಿ ಬಿಡಿಸುತ್ತಿದ್ದ ತಂಗವೇಲು, ಬಯಲಿಗೆ ಸುಣ್ಣದ ಗೆರೆ ಎಳೆಯುತ್ತಿದ್ದ ಕುಪ್ಪಸಾಮಿ, ಮತ್ತೆ ನಮ್ಮ ಸೋಮಸುಂದರಂ. ಒಂದು ಸೈಕಲ್ಲಿನಲ್ಲಿ ಮೂವರು ತಿರುಪ್ಪೂರಿಗೆ ಹೋದದ್ದು, ಮಳೆಯಲ್ಲಿ ನೆನೆದು ಮೂರು ಕಿಲೋ ತೂಗಿದ ಚೆಂಡು, ಗೆದ್ದ ಖುಷಿಯಲ್ಲಿ ಕುಪ್ಪಸಾಮಿ ಮಿಕ್ಕ ಸುಣ್ಣವನ್ನೆಲ್ಲ ತನ್ನ ತಲೆಗೇ ಸುರಿದುಕೊಂಡದ್ದು. ಹೇಳಿದ್ದನ್ನೇ ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ಮಾತು ಅರವತ್ತಮೂರಕ್ಕೆ ಬಂದಾಗ ಮಾತ್ರ ತಂಗವೇಲು ಪಕ್ಕಕ್ಕೆ ಉಗುಳುತ್ತಿದ್ದ. ಸೋಮಸುಂದರಂ ಟೀ ಲೋಟದೊಳಗೆ ನೋಡುತ್ತಿದ್ದ.

ಆ ವರ್ಷ ಪೊಂಗಲ್ ಮುಗಿದ ಮೇಲೆ ಸುದ್ದಿ ಬಂತು. ಮಿಲ್ಲಿನ ಬಯಲನ್ನು ಮನೆ ಸೈಟುಗಳಾಗಿ ಮಾರುತ್ತಾರಂತೆ. ಅದಕ್ಕೆ ಮೊದಲು ಹಳೆಯ ಆಟಗಾರರನ್ನೆಲ್ಲ ಬಯಲಿಗೆ ಕರೆದು, ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗಿ, ಹೆಗಲಿಗೆ ಹಸಿರಂಚಿನ ಶಾಲು ಹೊದಿಸುವುದೆಂದು ತೀರ್ಮಾನವಾಯಿತು. ಶಾಲು ನೇಯುವ ಕೆಲಸ ಸೋಮಸುಂದರಂಗೆ ಬಂತು. ತಂಗವೇಲು ಪಟ್ಟಿ ಓದಿದ. ಹದಿನೆಂಟು ಹೆಸರು. ದೇವರಾಜನ್ ಇರಲಿಲ್ಲ.

ಸೋಮಸುಂದರಂ ಹತ್ತೊಂಬತ್ತು ಶಾಲು ನೇಯ್ದ. ಆ ಬಯಲಿನಲ್ಲಿ ಹೋದ ಹೆಸರನ್ನು ಆ ಬಯಲಿನಲ್ಲೇ ಕೂಗಿಸಬೇಕು, ಬಯಲು ಹೋದರೆ ಇನ್ನು ಯಾವ ಬಯಲಿನಲ್ಲಿ ಕೂಗಿಸುವುದು? ಮುಂದಿನ ಭಾನುವಾರ ಶಾಲುಗಳ ಗಂಟನ್ನು ಟೀ ಅಂಗಡಿಯ ಬೆಂಚಿನ ಮೇಲಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಕೂಗಿದ್ದು, ಹಾರಿದ್ದು, ತೊಟ್ಟಿಯ ಹತ್ತಿರ ಆ ಹುಡುಗ ಅಂದದ್ದು. ಬೈಯಲಿ, ಹೊಡೆಯಲಿ, ಎಲ್ಲದಕ್ಕೂ ತಯಾರಾಗಿದ್ದ.

ತಂಗವೇಲು ಬೈಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ತಮಿಳಿನಲ್ಲಿ ಮೆತ್ತಗೆ ಹೇಳಿದ, "ಸೋಮಣ್ಣಾ, ನಿಮ್ಮ ಜನ, ನಿಮ್ಮ ಬೀದಿಯವನು. ಸಂಕಟ ಇರುತ್ತೆ, ಇಲ್ಲ ಅನ್ನಲ್ಲ. ಅದಕ್ಕೆ ಅಂತ ಮಾಡದ ತಪ್ಪನ್ನ ತಲೆಗೆ ಹಾಕ್ಕೋತೀಯಾ?"

"ಮಾಡಿದೀನಪ್ಪಾ! ನಾನೇ ಮಾಡಿದ್ದು!"

"ಮಾಡಿದ್ದರೆ ಇಪ್ಪತ್ತಮೂರು ವರ್ಷ ಬಾಯಿಗೆ ಏನು ತುಂಬಿಕೊಂಡಿದ್ದೆ?" ಅಂದ ಕುಪ್ಪಸಾಮಿ. ಅವನಿಗೆ ಸಿಟ್ಟು ಬಂದಿತ್ತು. "ಪ್ರತಿ ಭಾನುವಾರ ಇಲ್ಲೇ ಕೂತು ಟೀ ಕುಡಿದೆಯಲ್ಲ. ಬೇಕಾದರೆ ಆ ದೇವರಾಜನ್ನೇ ಬಂದು ಹೇಳಲಿ, ನಿನ್ನ ಮಾತು ಕೇಳಿ ಹಾರಿದೆ ಅಂತ. ಆಗ ನೋಡೋಣ."

ಹೌದಲ್ಲ ಅನಿಸಿತು ಸೋಮಸುಂದರಂಗೆ. ದೇವರಾಜನ್ ಬಂದು ಒಂದು ಮಾತು ಹೇಳಿದರೆ ಮುಗಿಯಿತು. ಮರುದಿನ ಬೆಳಗ್ಗೆಯೇ ಹತ್ತೊಂಬತ್ತನೆಯ ಶಾಲನ್ನು ಚೀಲಕ್ಕೆ ಹಾಕಿಕೊಂಡು ಪೊಳ್ಳಾಚಿಗೆ ಹೋಗಿ, ಅಲ್ಲಿಂದ ವಾಲ್ಪಾರೈ ಬಸ್ಸು ಹತ್ತಿದ. ತಿರುವು ಮುರುವು ದಾರಿಯಲ್ಲಿ ಎರಡು ಸಲ ವಾಂತಿಯಾಯಿತು. ಕಿಟಕಿಯ ಕಂಬಿ ಹಿಡಿದುಕೊಂಡು, ಹೇಳಬೇಕಾದ ಮಾತನ್ನು ಮತ್ತೆ ಮತ್ತೆ ಜೋಡಿಸಿಕೊಂಡ.

ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಲ್ಲಿ ಕೊನೆಯ ಮನೆ ದೇವರಾಜನದು. ಬಾಗಿಲು ತೆರೆದವಳು ಅವನ ಹೆಂಡತಿ ಶಿವಗಾಮಿ. "ಅಯ್ಯೋ, ಸೋಮಣ್ಣಾ! ವಾಣ್ಣಾ, ಒಳಗ್ಬಾ," ಎಂದು ಗಾಬರಿಬಿದ್ದು ಚಾಪೆ ಹಾಸಿದಳು. ದೇವರಾಜನ್ ಒಳಗಿನಿಂದ ಬಂದ. ಕಾವಲುಗಾರನ ಖಾಕಿ ಸ್ವೆಟರು, ನರೆತ ಗಡ್ಡ. ಚೆಂಡು ಹಿಡಿಯುತ್ತಿದ್ದ ಆ ಎರಡು ಕೈಗಳು ಮಾತ್ರ ಹಾಗೇ ಇದ್ದವು, ದೊಡ್ಡ ದೊಡ್ಡವು. ಅವನು ಗೆಳೆಯನನ್ನು ತಬ್ಬಿಕೊಂಡ.

ಕುಡಿಯಲು ಕೊಟ್ಟ ಟೀ ಆರುವ ಮೊದಲೇ ಸೋಮಸುಂದರಂ ಎಲ್ಲ ಹೇಳಿದ. ಶಿವಗಾಮಿಯ ಎದುರಿಗೇ ಹೇಳಿದ. "ನಾನ್ ಕೂಗಿದ್ದು ಅವನಿಗೆ ತಿಳೀತು ದೇವಾ. ಅದಕ್ಕೇ ಮಾತ್ಸಿ, ಬೇರೆ ಕಡೆಗ್ ಒದ್ದ. ತಪ್ಪು ನಂದು. ನೀನ್ ಬಂದು ಒಂದ್ ಮಾತು ಯೋಳು, ಸಾಕು. ನಿನ್ ಎಸ್ರು ಕೂಗ್ತಾರೆ."

ದೇವರಾಜನ್ ನಕ್ಕ. ಪ್ರೀತಿಯಿಂದ ನಕ್ಕ, ಅದನ್ನೇ ಸೋಮಸುಂದರಂಗೆ ತಡೆಯಲಾಗಲಿಲ್ಲ.

"ಬಸ್ಸಲ್ಲಿ ಬರ್ತಾ ಯೋಚ್ನೆ ಮಾಡಿದ್ಯಾ ಇದನ್ನ? ಆ ಉಡುಗ ಆಟ ಪೂರಾ ತಮಿಳೇ ಮಾತಾಡ್ದ ಸೋಮು. ನನ್ ಕಿವಿಯಾರೆ ಕೇಳಿದೀನಿ. ಅವ್ನಿಗೆಲ್ಲಿಂದ ಬಂತು ಕನ್ನಡ?"

"ಬರುತ್ತೆ ದೇವಾ! ನನ್ನತ್ರ ಮಾತಾಡ್ದ! ನನ್ ಮಕ್ಕಳಾಣೆ!"

"ಮಕ್ಕಳ ಮೇಲೆಲ್ಲ ಆಣೆ ಇಡ್ಬೇಡ." ದೇವರಾಜನ್ ಹೆಂಡತಿಯ ಕಡೆ ತಿರುಗಿದ. "ನೋಡ್ದ್ಯಾ ಶಿವಗಾಮಿ? ಊರೆಲ್ಲಾ ಕೇಳ್ತು, ದುಡ್ಡು ತಗೊಂಡ್ಯಾ ಅಂತ. ನೀನೂ ಒಂದ್ಸಲ ಕೇಳ್ದೆ. ಇವನೊಬ್ನೇ ಕೇಳಲಿಲ್ಲ. ಈಗ ನಂಗೋಸ್ಕರ ತಪ್ಪನ್ನ ತನ್ ತಲೇಗೆ ಆಕ್ಕೊಳ್ಳೋಕೆ ಬೆಟ್ಟ ಅತ್ತಿ ಬಂದವ್ನೆ."

ಶಿವಗಾಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಮಸುಂದರಂ ಚಾಪೆಯ ಮೇಲೆ ಕೈ ಬಡಿದ, ಬೇಡಿಕೊಂಡ, ಅತ್ತ. ಅತ್ತಷ್ಟೂ ಅವರ ಕಣ್ಣಿಗೆ ಅವನು ಒಳ್ಳೆಯವನಾಗುತ್ತ ಹೋದ. ನಿಜ ಹೇಳುವವನ ಮಾತನ್ನು ಯಾರೂ ನಂಬದಿದ್ದರೆ ಅವನು ಇನ್ನೇನು ಮಾಡಬೇಕು, ನೀವೇ ಹೇಳಿ.

ದೇವರಾಜನ್ ಶಾಲನ್ನು ಬಿಡಿಸಿ ನೋಡಿದ, ಅಂಚನ್ನು ಸವರಿದ. "ನೀನ್ ನೇಯ್ದದ್ದು, ಇಟ್ಕೋತೀನಿ. ಬಯಲಿಗ್ ಮಾತ್ರ ಬರಲ್ಲ. ನಿನ್ ಮಾತ್ ಕೇಳಿ ಆರ್ದೆ ಅಂತ ಅಲ್ ಬಂದು ಯೋಳಿದ್ರೆ, ಆ ಜನ ನಾಳೆಯಿಂದ ನಿನ್ ಮುಖ ನೋಡ್ತಾರಾ? ಈ ವಯಸ್ಸಲ್ಲಿ ಟೀ ಕುಡಿಯೋಕೆ ಎಲ್ಲಿಗ್ ಓಗ್ತೀಯ?" ಅಂದ. ಆಮೇಲೆ ಆ ದೊಡ್ಡ ಅಂಗೈಯನ್ನು ಮುಂದೆ ಚಾಚಿದ. "ಕೈ ಮೇಲೆ ಕೈ ಇಟ್ಟು ಸತ್ಯ ಮಾಡು. ಈ ಕತೇನ ಇನ್ ಯಾರತ್ರನೂ ಯೋಳಲ್ಲ ಅಂತ. ನನ್ ಎಸ್ರು ಓಯ್ತು, ಓಗ್ಲಿ. ನಿನ್ ಎಸ್ರಾದ್ರೂ ನೆಟ್ಟಗಿರ್ಲಿ."

ಸೋಮಸುಂದರಂ ಆಗದೆಂದು ತಲೆಯಲ್ಲಾಡಿಸಿದ. ಚಾಚಿದ ಕೈ ಹಾಗೇ ಕಾಯುತ್ತಿತ್ತು. ಹೊರಗೆ ಕಂಡಕ್ಟರು ಕೊನೆಯ ಬಸ್ಸಿಗೆ ವಿಷಲ್ ಊದಿದ. "ಇಡಣ್ಣಾ," ಅಂದಳು ಶಿವಗಾಮಿ, "ಅವ್ರ ಮನಸ್ಸಿಗಾದ್ರೂ ಸಮಾಧಾನ ಆಗ್ಲಿ."

ಅವನು ಕೈ ಇಟ್ಟ.