ಬಾಣ ಇಲ್ಲದ ಸೆಬಾಸ್ಟಿಯನ್

ಬಾಣ ಇಲ್ಲದ ಸಂತ ಸೆಬಾಸ್ಟಿಯನ್‌ನ ಎಲ್ಲಿಯಾದ್ರೂ ನೋಡೀರೇನು? ಜೇವರ್ಗಿ ಕಡೆಯ ನಮ್ಮ ಸಣ್ಣ ಚರ್ಚಿನಾಗ ಇದ್ದಾನ. ಅಂವನೇ ನಮ್ಮ ಪಾಲಕ ಸಂತ.

ನಿಜಾಮನ ರಾಜ್ಯ ಇನ್ನೇನು ಮುಗೀತು ಅನ್ನೋ ದಿನಗಳು. ಸೋಲಾಪುರದಿಂದ ಈ ಸಂತನ ಮೂರ್ತಿಯನ್ನ ಎತ್ತಿನ ಗಾಡಿಯೊಳಗ ತರಾಕತ್ತಿದ್ದೆ. ಆಳಂದದ ಗಡಿ ನಾಕಾದಾಗ ನಿಜಾಮ ಸರಕಾರದ ಜಮಾದಾರ ಹುಲ್ಲು ಸರಿಸಿ ನೋಡಿದ. ಮೂರ್ತಿಯ ಮೈಯಾಗ ನೆಟ್ಟಿದ್ದ ಕಬ್ಬಿಣದ ಬಾಣ ಕಂಡು ಸಿಟ್ಟಿಗೆದ್ದ.

"ಆಯುಧ-ಹತ್ಯಾರ ಒಳಗ ಬಿಡಂಗಿಲ್ಲ. ಕೀಳಲೇ ಅವನ್ನ!"

"ನಾ ಕೀಳಂಗಿಲ್ರಿ. ನಾ ಹೊಡದಿಲ್ಲ."

"ಮತ್ತ ಯಾರು ಹೊಡದ್ರು?"

"ಸರಕಾರದ ಸಿಪಾಯಿಗಳು. ಇಂವನೂ ಸಿಪಾಯಿನೇ ಇದ್ದ. ದೊರೆ ನಿನ್ನ ದೇವರನ್ನ ಬಿಡು ಅಂದ, ಇಂವ ಬಿಡಲಿಲ್ಲ."

"ಸತ್ತನೇನು?"

"ಬಾಣಕ್ಕ ಸಾಯಲಿಲ್ರಿ. ಗಾಯ ಮಾಯ್ದ ಮ್ಯಾಲೆ ಹೋಗಿ, ದೊರೆ ಎದುರಿಗೇ ನಿಂತು ಬೈದ."

ಜಮಾದಾರನ ಮುಖ ಕೆಂಪಾತು. ತಾನೇ ಗಾಡಿ ಹತ್ತಿ, ಒಂದೊಂದೇ ಬಾಣ ಕಿತ್ತು ಜಪ್ತಿ ಮಾಡಿದ. ನಾ ಬೆರಳೂ ಹಚ್ಚಲಿಲ್ಲ.

ಈಗ ಪಾದ್ರಿಗಳು ಹೊಸ ಬಾಣ ಹಾಕಿಸೋಣ ಅಂತಾರ. ನಾ ಬಿಲ್ಕುಲ್ ಒಪ್ಪಂಗಿಲ್ಲ. ಸರಕಾರ ಹೊಡದ ಬಾಣ ಸರಕಾರದ ಕೈಲೇ ಕೀಳಿಸೇನಿ. ಮತ್ತ ಚುಚ್ಚಾಕ ನಾವೇನು ಸರಕಾರದವರೇನ್ರಿ?