ಲಿಫ್ಟಿಲ್ಲದ ಬೀದಿಯ ಸಂವಿಧಾನ

ಪಕ್ಕದ ಮನೆ ಸೊಸೆ ಪವಿತ್ರ ಪಂಚಾಯ್ತಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ. ನಾನು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತರೆ ಸಾಕು, ಕಾಂಪೌಂಡಿನ ಆಚೆ ಅವಳ ಬಾಯಿಪಾಠ ಶುರು. "ಮೂಲಭೂತ ಹಕ್ಕು ಅಮೆರಿಕ, ನಿರ್ದೇಶಕ ತತ್ವ ಐರ್ಲೆಂಡು, ತುರ್ತು ಪರಿಸ್ಥಿತಿ ಜರ್ಮನಿ..." ಮದುವೆಗೆ ಯಾರು ಕೊಳಗ ತಂದರು, ಯಾರು ಬರೀ ಲೋಟ ತಂದರು ಅಂತ ಬೀಗತಿ ಎಣಿಸಿದ ಹಾಗಿರುತ್ತದೆ. ನಗಬೇಡಿ, ಮೂವತ್ತು ವರ್ಷ ಈ ಪಟ್ಟಿಯನ್ನು ಶ್ರೀರಂಗಪಟ್ಟಣದ ಸುತ್ತಲಿನ ಮಕ್ಕಳ ತಲೆಗೆ ತುರುಕಿದ ಸಮಾಜ ಮೇಷ್ಟ್ರು ನಾನೇ.

ಅಷ್ಟೇ ಅಲ್ಲ, ನಾನೂ ಒಂದು ಸಂವಿಧಾನ ರಚಿಸಿದವನು. ದೇಶಕ್ಕಲ್ಲ, ನಮ್ಮ ಬೀದಿಗೆ. ಹತ್ತು ವರ್ಷದ ಹಿಂದೆ ಬೀದಿಯವರೆಲ್ಲ ಸೇರಿ ಬೋರ್‌ವೆಲ್ ಕೊರೆಸಿದೆವು. ನೀರು ಬಂತು, ನೀರಿನ ಹಿಂದೆಯೇ ಜಗಳ ಬಂತು, ಜಗಳದ ಹಿಂದೆ ಸಂಘ ಬಂತು. ಸಂಘ ಅಂದಮೇಲೆ ನಿಯಮಾವಳಿ ಬೇಡವೇ? ಅಧ್ಯಕ್ಷರಾದ ಜವರೇಗೌಡರು ನನ್ನ ಕಡೆ ಕೈ ತೋರಿಸಿದರು. "ಮೇಷ್ಟ್ರು ಬರೀಲಿ ಬುಡಿ. ಕಾನ್ಸ್ಟಿಟ್ಯೂಶನ್ನೇ ಅರ್ದು ಕುಡ್ದವ್ರೆ."

ಕುಡಿದವನು ಏನು ಮಾಡಿದೆ? ಬೆಂಗಳೂರಿನ ಭಾವಮೈದನಿಗೆ ಫೋನ್ ಮಾಡಿ ಅವನ ಅಪಾರ್ಟ್‌ಮೆಂಟಿನ ನಿಯಮಾವಳಿ ತರಿಸಿ, ಕೂತು ಕನ್ನಡಕ್ಕೆ ಇಳಿಸಿದೆ. ದೊಡ್ಡ ದೊಡ್ಡವರೇ ನಾಲ್ಕು ದೇಶ ನೋಡಿ ಬರೆದಿರುವಾಗ ನನ್ನದೇನು ಮಹಾ ಅಪರಾಧ ಅಂದುಕೊಂಡೆ. ಲಿಫ್ಟಿನಲ್ಲಿ ಸಾಕುಪ್ರಾಣಿ ತರಕೂಡದು ಅಂತ ಒಂದು ನಿಯಮವಿತ್ತು, ಅದನ್ನು ತೆಗೆದೆ. ನಮ್ಮ ಬೀದಿಯಲ್ಲಿ ಎಮ್ಮೆಗಳಿದ್ದವು, ಲಿಫ್ಟ್ ಇರಲಿಲ್ಲ. ಈಜುಕೊಳವನ್ನೂ ತೆಗೆದೆ. ಏಳನೇ ನಿಯಮವನ್ನು ಮಾತ್ರ ಹಾಗೇ ಬಿಟ್ಟೆ. ಸ್ವಂತ ಮನೆಯವರಿಗಷ್ಟೇ ಮತ, ಬಾಡಿಗೆದಾರರಿಗಿಲ್ಲ. ನನಗೆ ಸ್ವಂತ ಮನೆ ಇತ್ತಲ್ಲ, ಅದು ಕಣ್ಣಿಗೆ ಚುಚ್ಚಲಿಲ್ಲ.

ಬೀದಿಯ ಕೊನೆಗೆ ನಾಲ್ಕು ಬಾಡಿಗೆ ಮನೆಗಳ ವಠಾರ. ಅಲ್ಲಿ ನೂರುಲ್ಲಾ ಸಾಬ್ರು ಇದ್ದರು. ಮೋಟಾರ್ ವೈಂಡಿಂಗ್ ಕೆಲಸ. ನಮ್ಮ ಬೋರಿನ ಮೋಟಾರು ಸುಟ್ಟಾಗಲೆಲ್ಲ ಬಿಚ್ಚಿ, ತಂತಿ ಸುತ್ತಿ, ಒಂದು ಲೋಟ ಟೀ ಕುಡಿದು ಹೋಗೋರು. ಅವರ ಮಗಳು ಸಲ್ಮಾ ಹತ್ತನೇ ಕ್ಲಾಸಿನಲ್ಲಿ ನನ್ನ ಶಿಷ್ಯೆ.

ಒಂದು ಮೀಟಿಂಗಿನಲ್ಲಿ ವಠಾರದ ನೀರಿನ ಸರದಿಯನ್ನು ಬೆಳಗ್ಗೆ ಆರರಿಂದ ಮಧ್ಯಾಹ್ನ ಒಂದಕ್ಕೆ ತಳ್ಳುವ ಮಾತು ಬಂತು. ಒಂದು ಗಂಟೆಗೆ ಕರೆಂಟೇ ಇರುವುದಿಲ್ಲ ಅನ್ನುವುದು ಬೀದಿಯ ನಾಯಿಗೂ ಗೊತ್ತು. ಬೇಡ ಅನ್ನೋರು ಕೈಯೆತ್ತಿ ಅಂದರು ಗೌಡರು. ಸಾಬ್ರು ಎತ್ತಿದರು.

"ಕೈ ಇಳ್ಸಿ ಸಾಬ್ರೆ," ಅಂದರು. "ನಿಮ್ಗೆ ಓಟಿಲ್ಲ. ಏಳ್ನೇ ನಿಯಮ."

ಸಾಬ್ರು ಕೈ ಇಳಿಸಲಿಲ್ಲ. ನನ್ನ ಕಡೆ ತಿರುಗಿದರು. "ಇದು ನೀವೇ ಬರ್ದಿದ್ದಾ ಮೇಷ್ಟ್ರೆ?"

"ನಕಲು ಮಾಡಿದ್ದು," ಅಂದೆ. ಇಂಥ ಉತ್ತರ ಬರೆದ ಹುಡುಗರಿಗೆ ನಾನು ಸೊನ್ನೆ ಸುತ್ತುತ್ತಿದ್ದೆ. ಸಾಬ್ರು ನಿಧಾನವಾಗಿ ಕೈ ಇಳಿಸಿ ಪಂಚೆಯ ಮೇಲೆ ಇಟ್ಟುಕೊಂಡರು. ವಠಾರದ ಸರದಿ ಒಂದು ಗಂಟೆಗೆ ಹೋಯಿತು.

ಮಾರನೇ ದಿನ ಮಗಳ ನೋಟ್‌ಬುಕ್ ಹಿಡಿದು ಮನೆಗೆ ಬಂದರು. "ನಾರಾಜ್ ಆಗ್ಬೇಡಿ ಮೇಷ್ಟ್ರೆ, ಇದ್ನ ಸ್ವಲ್ಪ ಓದಿ." ನಾನೇ ಬರೆಸಿದ ಪಾಠ. ಬ್ರಿಟಿಷರ ಕಾಲದ ೧೯೩೫ರ ಕಾಯ್ದೆಯಿಂದ ನಮ್ಮವರು ಸಂವಿಧಾನಕ್ಕೆ ಬಹಳಷ್ಟನ್ನು ತೆಗೆದುಕೊಂಡರು. ಆದರೆ ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ ಮತ ಅನ್ನುವುದನ್ನು ಬಿಟ್ಟು, ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಟ್ಟರು. ಪಕ್ಕದಲ್ಲಿ ನನ್ನದೇ ಕೆಂಪು ಶಾಯಿಯ ಸರಿ ಗುರುತು.

"ದೇಶದ ಓಟು ಕೊಟ್ಟವ್ರೆ ನಂಗೆ," ಅಂದರು ಸಾಬ್ರು. "ಬೀದಿ ನಲ್ಲೀದು ಇಲ್ವಾ?"

ನಾನು ಏನು ಹೇಳಿದೆ ಗೊತ್ತೆ? "ಮುಂದಿನ ಮೀಟಿಂಗಲ್ಲಿ ನೋಡೋಣ." ಮೀಟಿಂಗ್ ಮೂರು ತಿಂಗಳಿಗೊಮ್ಮೆ. ಅದೂ ನಾನೇ ನಕಲು ಮಾಡಿದ ನಿಯಮ.

ಮೂರು ತಿಂಗಳಾದ ಮೇಲೆ ಏಳನೇ ನಿಯಮವನ್ನು ತೆಗೆಸಿದೆ, ಒಬ್ಬರೂ ಎದುರಾಡಲಿಲ್ಲ. ಆದರೆ ಕೈಯೆತ್ತಲು ವಠಾರದಲ್ಲಿ ಸಾಬ್ರೇ ಇರಲಿಲ್ಲ. ಹಿಂದಿನ ವಾರವೇ ಸಾಮಾನು ಟೆಂಪೋಗೆ ಹೇರಿಕೊಂಡು ಪಾಂಡವಪುರಕ್ಕೆ ಹೋಗಿಬಿಟ್ಟಿದ್ದರು. ಗೌಡರು ನನ್ನ ಬೆನ್ನು ತಟ್ಟಿದರು. "ಒಳ್ಳೇ ಕೆಲ್ಸ ಮಾಡ್ಬುಟ್ರಿ ಮೇಷ್ಟ್ರೆ." ನನಗೆ ಆ ಕೈಯನ್ನು ಒದರಿ ಎಸೆಯುವಷ್ಟು ನಾಚಿಕೆಯಾಯಿತು. ನೋಟ್‌ಬುಕ್ ನನ್ನಲ್ಲೇ ಉಳಿದಿತ್ತು. ಅಟ್ಟಕ್ಕೆ ಹಾಕಿದೆ. ಕೊಡಲು ಹೋದರೆ ಮುಖ ತೋರಿಸಬೇಕಲ್ಲ.

ಇವತ್ತು ಬೆಳಗ್ಗೆ ಪವಿತ್ರ ಕಾಂಪೌಂಡಿನ ಮೇಲಿಂದ ಇಣುಕಿದಳು. "ಸಾ, ಎಲ್ಲೆಲ್ಲಿಂದ ಏನೇನು ತಂದ್ರು ಅಂತ ಗೈಡಲ್ಲಿ ಅದೆ. ಬ್ಯಾಡ ಅಂತ ಬುಟ್ಟಿದ್ದು ಏನೂ ಇಲ್ವಾ?"

ಕಾಫಿ ಅರ್ಧಕ್ಕೇ ಬಿಟ್ಟು ಅಟ್ಟ ಹತ್ತಿದೆ.

ಈಗ ಪಾಂಡವಪುರದ ಬಸ್ಸಿನಲ್ಲಿ ಕೂತಿದ್ದೇನೆ. ವೈಂಡಿಂಗ್ ಅಂಗಡಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಆ ಪುಟ ತೆಗೆದೆ. ಅವತ್ತು ಸರಿ ಗುರುತನ್ನಷ್ಟೇ ನೋಡಿದ್ದೆ. ಅದರ ಕೆಳಗೆ ಆ ಹುಡುಗಿಗೆ ಅರ್ಧ ಮಾರ್ಕು ಕಿತ್ತು, ಗುಂಡಗೆ ಬರೆದಿದ್ದೇನೆ: ವಿವರ ಸಾಲದು. ಆ ವಿವರವನ್ನು ಇವತ್ತು ಅವಳಪ್ಪನ ಮುಂದೆ ನಿಂತು ನಾನು ಒಪ್ಪಿಸಬೇಕು.